ಸೊಪ್ಪು ಬೆಳೆಯುವವನಿಗೆ ನೆಲದ ಭರವಸೆ ಇಲ್ಲ: ಆಫ್ರಿಕಾ ನಗರಗಳ ಅಂಚಿನ ತರಕಾರಿ ತೋಟಗಳ ಸಂಕಟ

ಪಶ್ಚಿಮ ಆಫ್ರಿಕಾದ ಘಾನಾ ದೇಶದ ರಾಜಧಾನಿ ಅಕ್ರಾ. ಸೂರ್ಯ ಮೇಲೇರುವ ಮುನ್ನವೇ ಅಲ್ಲಿನ ಕೆಲವು ಬಯಲುಗಳಲ್ಲಿ ಕೆಲಸ ಆರಂಭವಾಗಿರುತ್ತದೆ. ಹೈಟೆನ್ಷನ್ ವಿದ್ಯುತ್ ತಂತಿಗಳ ಕೆಳಗೆ, ತೊರೆಗಳ ದಂಡೆಯಲ್ಲಿ, ಸರ್ಕಾರಿ ಸಂಸ್ಥೆಗಳಿಗೆ ಸೇರಿದ ಖಾಲಿ ನಿವೇಶನಗಳಲ್ಲಿ ಸಾಲುಸಾಲಾಗಿ ಸೊಪ್ಪಿನ ಮಡಿಗಳು. ಕೈಗೊಂದರಂತೆ ಎರಡು ನೀರಿನ ಕ್ಯಾನು ಹಿಡಿದ ತೋಟಗಾರ ಗುಂಡಿಗಿಳಿದು ಅವನ್ನು ತುಂಬಿಕೊಳ್ಳುತ್ತಾನೆ. ಒಂದೊಂದರಲ್ಲಿ ಸುಮಾರು 15 ಲೀಟರ್ ನೀರು. ಜರಡಿ ಮೂತಿಯಿಂದ ಆ ನೀರು ಲೆಟಿಸ್ ಸೊಪ್ಪಿನ ಮೇಲೆ ಸುರಿಯುತ್ತದೆ. ಗುಂಡಿಯ ನೀರು ಬಹುಮಟ್ಟಿಗೆ ಊರ ಚರಂಡಿಯಿಂದ, ಚರಂಡಿಯಾಗಿಬಿಟ್ಟಿರುವ ತೊರೆಯಿಂದ ಬಂದದ್ದು. ಕೊಯ್ಲಾದ ಸೊಪ್ಪು ಮಾರುಕಟ್ಟೆಯನ್ನು ಹಾದು ರಸ್ತೆಬದಿಯ ತಿಂಡಿಗಾಡಿ ಸೇರಿ, ಅನ್ನ-ಕಾಳಿನ ತಟ್ಟೆಯ ಅಂಚಿಗೆ ಹಸಿಯಾಗಿಯೇ ಬೀಳುತ್ತದೆ.

ಇದು ಅಕ್ರಾ ಒಂದರ ಚಿತ್ರವಲ್ಲ. ಸೆನೆಗಲ್‌ನ ಡಾಕರ್, ಕಾಂಗೊದ ಕಿನ್ಷಾಸಾ, ತಾಂಜಾನಿಯಾದ ದಾರ್ ಎಸ್ ಸಲಾಮ್, ಕೆನ್ಯಾದ ನೈರೋಬಿ, ದಕ್ಷಿಣ ಆಫ್ರಿಕಾದ ಕೇಪ್‌ಟೌನ್ - ಈ ಎಲ್ಲ ನಗರಗಳ ಅಂಚಿನಲ್ಲಿಯೂ ತರಕಾರಿ ತೋಟಗಳಿವೆ. ಅವುಗಳ ಮೇಲೆ ಎರಡು ಆರೋಪಗಳು ದಶಕಗಳಿಂದ ಕೇಳಿಬರುತ್ತಿವೆ. ತೋಟಗಾರ ತನ್ನದಲ್ಲದ ನೆಲದಲ್ಲಿ ಕುಳಿತಿದ್ದಾನೆ ಎಂಬುದು ಒಂದು. ಕೊಳಚೆ ನೀರು ಹಾಯಿಸಿ ಊರಿಗೆ ರೋಗ ಉಣಿಸುತ್ತಿದ್ದಾನೆ ಎಂಬುದು ಇನ್ನೊಂದು. ಮೊದಲನೆಯದನ್ನು ನಗರ ಯೋಜನಾ ಇಲಾಖೆ ನೋಡಿಕೊಳ್ಳುತ್ತದೆ, ಎರಡನೆಯದನ್ನು ಆರೋಗ್ಯ ಇಲಾಖೆ. ಇವೆರಡೂ ಬೇರೆ ಬೇರೆ ಸಮಸ್ಯೆಗಳೇ? ಅಥವಾ ಒಂದೇ ಗಂಟಿನ ಎರಡು ತುದಿಗಳೇ? ಈ ನಗರಗಳ ಅನುಭವವನ್ನು ಒಟ್ಟಿಗೆ ಇಟ್ಟು ನೋಡಿದರೆ ಎರಡನೆಯ ಮಾತೇ ನಿಜವೆನಿಸುತ್ತದೆ. ನಾಳೆ ಈ ನೆಲ ತನ್ನ ಕೈಯಲ್ಲಿರುತ್ತದೆಯೋ ಇಲ್ಲವೋ ಎಂಬುದನ್ನು ಅರಿಯದ ತೋಟಗಾರ ಶುದ್ಧ ನೀರಿಗಾಗಿ ಇಂದು ಹಣ ಹೂಡುವುದಿಲ್ಲ.

ದೂರದಿಂದ ಬಾರದ ಬೆಳೆ

ನಗರದ ಅಂಚಿನಲ್ಲಿಯೇ ತರಕಾರಿ ಏಕೆ ಬೆಳೆಯಬೇಕು? ಹಳ್ಳಿಗಳಿಂದ ತರಿಸಬಾರದೇ? ಪ್ರಶ್ನೆ ಸಹಜವಾದದ್ದು. ಜೋಳ, ಅಕ್ಕಿ, ಗೆಣಸು ದೂರದಿಂದ ಬರುತ್ತವೆ. ಈರುಳ್ಳಿ ಗಡಿ ದಾಟಿಯೂ ಬರುತ್ತದೆ. ಆದರೆ ಸೊಪ್ಪಿನ ಲೆಕ್ಕವೇ ಬೇರೆ. ಕಿತ್ತ ಕೆಲವೇ ಗಂಟೆಗಳಲ್ಲಿ ಅದು ಬಾಡುತ್ತದೆ. ಶೀತಲ ಸರಪಳಿ ಇಲ್ಲದ, ಹಳ್ಳಿಯ ರಸ್ತೆಗಳು ಮಳೆಗಾಲದಲ್ಲಿ ಕೆಸರುಗದ್ದೆಯಾಗುವ, ಡೀಸೆಲ್ ದುಬಾರಿಯಾದ ದೇಶಗಳಲ್ಲಿ ಸೊಪ್ಪು ತಿನ್ನುವವನ ಮನೆಯ ಸಮೀಪವೇ ಬೆಳೆಯಬೇಕು. ಉಷ್ಣವಲಯದ ಬಿಸಿಲಿನಲ್ಲಿ ಬೇರೆ ದಾರಿ ಸುಲಭವಾಗಿ ಕಾಣದು.

ದೂರದ ಪೂರೈಕೆಯನ್ನು ನೆಚ್ಚಿಕೊಂಡರೆ ಏನಾಗುತ್ತದೆ ಎಂಬುದಕ್ಕೆ 2023ರ ಘಟನೆಯೊಂದು ಸಾಕ್ಷಿ. ಆ ವರ್ಷದ ಜುಲೈನಲ್ಲಿ ನೈಜರ್ ದೇಶದಲ್ಲಿ ಸೇನೆ ಅಧಿಕಾರ ಕಿತ್ತುಕೊಂಡಿತು. ಪಶ್ಚಿಮ ಆಫ್ರಿಕಾದ ರಾಷ್ಟ್ರಗಳ ಒಕ್ಕೂಟ ನಿರ್ಬಂಧ ಹೇರಿತು, ಗಡಿಗಳು ಮುಚ್ಚಿದವು. ನೈಜರ್‌ನ ಈರುಳ್ಳಿಯನ್ನು ನೆಚ್ಚಿಕೊಂಡಿದ್ದ ಘಾನಾದ ಮಾರುಕಟ್ಟೆಗಳಲ್ಲಿ ಬೆಲೆ ಏರಿತು. ಮೂಟೆ ಹೊತ್ತ ಲಾರಿಗಳು ಗಡಿಯಲ್ಲಿ ನಿಂತವು. 2024ರ ಫೆಬ್ರುವರಿಯಲ್ಲಿ ನಿರ್ಬಂಧ ತೆರವಾಯಿತಾದರೂ ಪಾಠ ಉಳಿಯಿತು. ವಾರಗಟ್ಟಲೆ ತಾಳಿಕೊಳ್ಳುವ ಈರುಳ್ಳಿಯ ಗತಿಯೇ ಹೀಗಾದರೆ, ಸಂಜೆಯವರೆಗೆ ತಾಳದ ಸೊಪ್ಪಿನ ಗತಿಯೇನು?

ಆಫ್ರಿಕಾದ ನಗರವಾಸಿಗಳ ಸಂಖ್ಯೆ ಈಗ ಸುಮಾರು 70 ಕೋಟಿ. 2050ರ ವೇಳೆಗೆ ಅದು 140 ಕೋಟಿಯಾಗಲಿದೆ ಎಂಬುದು ತಜ್ಞ ಸಂಸ್ಥೆಗಳ ಅಂದಾಜು. ಈ ಜನರಲ್ಲಿ ಬಹುಪಾಲು ಮಂದಿಗೆ ಮಾಂಸ-ಮೀನು ದಿನನಿತ್ಯದ ಊಟವಲ್ಲ. ಕಬ್ಬಿಣಾಂಶವೂ ಎ ಜೀವಸತ್ವವೂ ಅವರಿಗೆ ದೊರೆಯುವುದು ಸೊಪ್ಪಿನಿಂದಲೇ. ನೈರೋಬಿಯ ಬಡವರ ಮನೆಯ ನಿತ್ಯದ ಪಲ್ಯ 'ಸುಕುಮಾ ವಿಕಿ'. ಸ್ವಾಹಿಲಿ ಭಾಷೆಯಲ್ಲಿ ಆ ಮಾತಿಗೆ 'ವಾರವನ್ನು ತಳ್ಳು' ಎಂದು ಅರ್ಥ. ಕೈಯಲ್ಲಿ ಕಾಸಿಲ್ಲದ ದಿನಗಳಲ್ಲಿ ವಾರದ ಕೊನೆಯವರೆಗೆ ಸಂಸಾರವನ್ನು ತಳ್ಳುವ ಸೊಪ್ಪು ಅದು. ದಾರ್ ಎಸ್ ಸಲಾಮ್‌ನಲ್ಲಿ ಆ ಸ್ಥಾನ 'ಮ್ಚಿಚಾ' ಎಂಬ ಸೊಪ್ಪಿಗೆ. ನಮ್ಮ ದಂಟು, ಹರಿವೆಯ ಕುಲದ್ದೇ ಅದು. ಆಫ್ರಿಕಾದ ಅನೇಕ ಕಡೆ ಅಲಸಂದೆಯ ಎಲೆಯನ್ನೂ ಸೊಪ್ಪಾಗಿ ಬಳಸುತ್ತಾರೆ. ನಮ್ಮ ಹೊಲಗಳ ಅಲಸಂದೆಯ ತವರು ಆ ಖಂಡವೇ. ರಾಗಿಯೂ ಪೂರ್ವ ಆಫ್ರಿಕಾದ ಎತ್ತರದ ನಾಡಿನಿಂದಲೇ ನಮ್ಮಲ್ಲಿಗೆ ಬಂದದ್ದು ಎಂಬುದು ಕನ್ನಡಿಗರು ನೆನೆಯಬೇಕಾದ ಸಂಗತಿ.

ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2012ರಲ್ಲಿ ಆಫ್ರಿಕಾದ ನಗರ ತೋಟಗಾರಿಕೆಯ ಕುರಿತು ವಿಸ್ತೃತ ವರದಿಯೊಂದನ್ನು ಪ್ರಕಟಿಸಿತು. ನಗರಗಳ ತಾಜಾ ತರಕಾರಿಯ ದೊಡ್ಡ ಪಾಲು ಈ ತೋಟಗಳಿಂದಲೇ ಬರುತ್ತಿದೆ. ಆದರೆ ಅವು ಬೆಳೆದದ್ದು ಸರ್ಕಾರಗಳ ಲಕ್ಷ್ಯಕ್ಕೆ ಬಾರದಂತೆ, ಯಾವ ನೆರವೂ ಇಲ್ಲದೆ ಎಂಬುದು ಅದರ ಸಾರ. ಅಲ್ಲಿಂದ ಈಚೆಗೆ ನಗರಗಳು ಹಿಗ್ಗಿವೆ. ತೋಟಗಾರನ ಸ್ಥಾನಮಾನ ಮಾತ್ರ ಬಹುತೇಕ ಇದ್ದಲ್ಲಿಯೇ ಇದೆ.

ಚರಂಡಿಯ ನೀರು, ಚರಂಡಿಯ ಕಾನೂನು

ನೀರಿನ ಪ್ರಶ್ನೆಯನ್ನು ತೇಲಿಸಿ ಬಿಡುವಂತಿಲ್ಲ. ಕೊಲಂಬೊ ಕೇಂದ್ರಿತ ಅಂತರರಾಷ್ಟ್ರೀಯ ನೀರು ನಿರ್ವಹಣಾ ಸಂಸ್ಥೆಯ ವಿಜ್ಞಾನಿಗಳು 2000ದ ದಶಕದಲ್ಲಿ ಅಕ್ರಾ, ಕುಮಾಸಿ ಮತ್ತು ತಮಾಲೆ ನಗರಗಳಲ್ಲಿ ನಡೆಸಿದ ಅಧ್ಯಯನಗಳು ಈ ವಿಷಯದಲ್ಲಿ ಇಂದಿಗೂ ಮುಖ್ಯ ಆಧಾರ. ಅಕ್ರಾ ಒಂದರಲ್ಲಿಯೇ ಸುಮಾರು ಸಾವಿರ ತೋಟಗಾರರು, ಅವರ ಸೊಪ್ಪನ್ನು ರಸ್ತೆಬದಿಯ ಊಟದೊಂದಿಗೆ ದಿನವೂ ಹಸಿಯಾಗಿ ತಿನ್ನುವ ಸುಮಾರು 2 ಲಕ್ಷ ಜನ - ಇದು ಅಂದಿನ ಅಂದಾಜು. ಅಬಾಧಿತ ನೀರಾವರಿಗೆ ವಿಶ್ವ ಆರೋಗ್ಯ ಸಂಸ್ಥೆ 1989ರಲ್ಲಿ ನಿಗದಿಪಡಿಸಿದ ಮಿತಿ 100 ಮಿಲಿಲೀಟರ್ ನೀರಿಗೆ 1,000 ಮಲಜನ್ಯ ಬ್ಯಾಕ್ಟೀರಿಯಾ. ಅಕ್ರಾದ ಚರಂಡಿ-ತೊರೆಗಳ ನೀರಿನಲ್ಲಿ ಕಂಡದ್ದು ಅದರ ಅನೇಕ ಪಟ್ಟು.

ಸೊಪ್ಪು ಮಾರುಕಟ್ಟೆಯಲ್ಲಿ ಕೊಳೆಯಾಗುತ್ತದೆಯೋ, ಮಡಿಯಲ್ಲಿಯೋ ಎಂಬುದನ್ನೂ ಅವರು ಪರೀಕ್ಷಿಸಿದರು. ಕೊಯ್ಲಿನ ಹೊತ್ತಿಗಾಗಲೇ ಮಾಲಿನ್ಯ ಮಿತಿಮೀರಿತ್ತು. ಮಾರುಕಟ್ಟೆಯಲ್ಲಿ ಹೆಚ್ಚಿದ್ದು ಅಲ್ಪ. ಚರಂಡಿ ನೀರಿನೊಂದಿಗೆ ಸರಿಯಾಗಿ ಕೊಳೆಯದ ಹಸಿ ಕೋಳಿಗೊಬ್ಬರವೂ ಇದಕ್ಕೆ ಕಾರಣ. ಇದರ ಮೇಲೆ ಕೀಟನಾಶಕದ ಹೊರೆ ಬೇರೆ. 2006ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ ಈ ಮೂರು ನಗರಗಳ ಲೆಟಿಸ್ ಮಾದರಿಗಳ ಪೈಕಿ ಮುಕ್ಕಾಲು ಭಾಗಕ್ಕೂ ಹೆಚ್ಚಿನವುಗಳಲ್ಲಿ ಕ್ಲೋರ್‌ಪೈರಿಫಾಸ್ ಅಂಶವಿತ್ತು. ಅತಿಸಾರ, ಟೈಫಾಯ್ಡ್, ಜಂತುಹುಳು ಇವು ಮೊದಲು ಕಾಡುವುದು ಮಕ್ಕಳನ್ನು. ಬರಿಗಾಲಲ್ಲಿ ಆ ನೀರಿನಲ್ಲಿ ನಿಲ್ಲುವ ತೋಟಗಾರನೂ ಅದರಿಂದ ಹೊರತಲ್ಲ.

ಇದಕ್ಕೆ ಆಡಳಿತದ ಉತ್ತರವೇನು? ನಿಷೇಧ. ಚರಂಡಿ ನೀರನ್ನು ಬೆಳೆಗೆ ಹಾಯಿಸಕೂಡದೆಂದು ಅಕ್ರಾ ನಗರಾಡಳಿತದ ಉಪವಿಧಿ ದಶಕಗಳಿಂದ ಹೇಳುತ್ತಿದೆ. ಉಪವಿಧಿ ಪುಸ್ತಕದಲ್ಲಿದೆ, ನೀರು ಮಡಿಯಲ್ಲಿದೆ. ಏಕೆಂದರೆ ಆ ನೀರನ್ನು ಕೊಳಕು ಮಾಡಿದ್ದು ತೋಟಗಾರನಲ್ಲ. 2000ದ ದಶಕದಲ್ಲಿ ಅಕ್ರಾದ ಕೊಳಚೆಯಲ್ಲಿ ಶುದ್ಧೀಕರಣಗೊಳ್ಳುತ್ತಿದ್ದುದು ಅತ್ಯಲ್ಪ ಭಾಗ. ಕಟ್ಟಿದ ಘಟಕಗಳಲ್ಲಿ ಹೆಚ್ಚಿನವು ಕೆಟ್ಟು ನಿಂತಿದ್ದವು. ನಗರ ತನ್ನ ಕೊಳಚೆಯನ್ನು ತೊರೆಗೆ ಬಿಟ್ಟಿತು. ತೊರೆಯ ನೀರನ್ನು ಎತ್ತಿದವನು ಅಪರಾಧಿಯಾದ.

ವಿಶ್ವ ಆರೋಗ್ಯ ಸಂಸ್ಥೆಯೇ 2006ರಲ್ಲಿ ತನ್ನ ನಿಲುವನ್ನು ಬದಲಿಸಿತು. ಬಡ ನಗರಗಳು ಎಲ್ಲ ಕೊಳಚೆಯನ್ನೂ ಶುದ್ಧೀಕರಿಸುವ ದಿನದವರೆಗೆ ಕಾಯಲಾಗದು. ಆದುದರಿಂದ ಹೊಲದಿಂದ ತಟ್ಟೆಯವರೆಗೆ ಹಂತಹಂತವಾಗಿ ತಡೆಗಳನ್ನು ಒಡ್ಡಬೇಕು ಎಂಬುದು ಹೊಸ ಮಾರ್ಗಸೂಚಿಯ ತಿರುಳು. ತಡೆಗಳು ಸರಳವಾದವು. ನೀರನ್ನು ಒಂದರ ನಂತರ ಒಂದರಂತೆ ಗುಂಡಿಗಳಲ್ಲಿ ನಿಲ್ಲಿಸಿದರೆ ಜಂತುಗಳ ಮೊಟ್ಟೆ ತಳಕ್ಕಿಳಿಯುತ್ತವೆ. ಕ್ಯಾನನ್ನು ತಗ್ಗಿಸಿ ಹಿಡಿದರೆ ಮಣ್ಣು ಎಲೆಗೆ ಸಿಡಿಯದು. ಕೊಯ್ಲಿಗೆ ಕೆಲವು ದಿನ ಮೊದಲೇ ನೀರು ನಿಲ್ಲಿಸಿದರೆ ಬಿಸಿಲಿಗೆ ರೋಗಾಣು ಸಾಯುತ್ತವೆ. ಅಡುಗೆಯಾಕೆ ಸೊಪ್ಪನ್ನು ಕ್ಲೋರಿನ್ ನೀರಿನಲ್ಲಿ ಅದ್ದಿ ತೊಳೆದರೆ ಉಳಿದದ್ದೂ ಬಹುಪಾಲು ಹೋಗುತ್ತದೆ. ಒಂದೊಂದೂ ಅರೆಬರೆ ತಡೆಯೇ, ಒಟ್ಟಾದಾಗ ಭದ್ರವಾಗುತ್ತವೆ.

ಹಾಗಾದರೆ ಇಷ್ಟು ಸರಳವಾದ ಕ್ರಮಗಳು ಎಲ್ಲೆಡೆ ಏಕೆ ಜಾರಿಗೆ ಬಂದಿಲ್ಲ? ಇಲ್ಲಿಯೇ ನೆಲದ ಪ್ರಶ್ನೆ ಅಡ್ಡ ಬರುತ್ತದೆ.

ನಾಳೆ ಇಲ್ಲದ ನೆಲ

ನಮ್ಮ ಕಂದಾಯ ಇಲಾಖೆಯ ಮಾತಿನಲ್ಲಿ ಹೇಳುವುದಾದರೆ ಅಕ್ರಾದ ತೋಟಗಾರ ಬಗರ್‌ಹುಕುಂ ಸಾಗುವಳಿದಾರ. ಕೆಲವೇ ಗುಂಟೆಗಳ ತುಂಡು ನೆಲ. ಅದರ ಒಡೆತನ ಸರ್ಕಾರಿ ಇಲಾಖೆಯದು, ವಿದ್ಯುತ್ ಸಂಸ್ಥೆಯದು ಅಥವಾ ಇನ್ನೂ ಮನೆ ಕಟ್ಟದ ಖಾಸಗಿಯವರದು. ಬಾಯಿಮಾತಿನ ಒಪ್ಪಿಗೆ ಇದ್ದರೂ ಇರಬಹುದು. ಸಾಗುವಳಿ ಚೀಟಿಯಂತೂ ಇಲ್ಲ. ತೋಟವಿದ್ದರೆ ಕಸ ಸುರಿಯುವುದು, ಗುಡಿಸಲು ಹಾಕುವುದು ತಪ್ಪುತ್ತದೆಂದು ಒಡೆಯರೂ ಸುಮ್ಮನಿರುತ್ತಾರೆ. ಕಾವಲುಗಾರನಿಗೆ ಸಂಬಳ ಕೊಡುವ ಹೊರೆ ಉಳಿಯಿತಲ್ಲ! ಕಟ್ಟಡ ಕಟ್ಟುವ ದಿನ ಬಂದಾಗ ಮಡಿಯ ಮೇಲೆ ಬುಲ್ಡೋಜರ್ ಹರಿಯುತ್ತದೆ. ಹಕ್ಕುಪತ್ರವಿಲ್ಲದವನಿಗೆ ಪರಿಹಾರವನ್ನು ಕೇಳುವ ಬಾಯಿಯೂ ಇಲ್ಲ.

ಈ ಅನಿಶ್ಚಿತತೆ ತೋಟಗಾರನ ಪ್ರತಿಯೊಂದು ತೀರ್ಮಾನದಲ್ಲಿಯೂ ಇಣುಕುತ್ತದೆ. ಆತ ಲೆಟಿಸ್, ಈರುಳ್ಳಿ ಸೊಪ್ಪನ್ನೇ ಏಕೆ ಬೆಳೆಯುತ್ತಾನೆ? ಬೆಲೆ ಸಿಗುತ್ತದೆಂಬುದು ಒಂದು ಕಾರಣ. ಆರೇಳು ವಾರಗಳಲ್ಲಿ ಬೆಳೆ ಕೈಗೆ ಬಂದು ಬಂಡವಾಳ ಮರಳುತ್ತದೆಂಬುದು ಇನ್ನೊಂದು. ವರ್ಷಗಟ್ಟಲೆ ಕಾಯಬೇಕಾದ ಗಿಡ ನೆಡುವ ಧೈರ್ಯ ಅವನಿಗಿಲ್ಲ. ಕೊಳವೆ ಬಾವಿ ಕೊರೆಸಿದರೆ ಶುದ್ಧ ನೀರು ಸಿಕ್ಕೀತು. ಆದರೆ ಆ ಸಾಲ ತೀರುವ ಮುನ್ನವೇ ನೆಲ ಹೋದರೆ? ಮೂರು ಹಂತದ ತಿಳಿಗುಂಡಿ ತೋಡಿದರೆ ಬೆಳೆ ಬೆಳೆಯುವ ಜಾಗದಲ್ಲಿ ಒಂದು ಪಾಲು ಹೋಗುತ್ತದೆ. ಇರುವುದೇ ನಾಲ್ಕು ಗುಂಟೆ. ಬೇರೆಯವರ ನೆಲದಲ್ಲಿ ಸಿಮೆಂಟು ತೊಟ್ಟಿ ಕಟ್ಟಿದರೆ ಅದನ್ನೇ ಅತಿಕ್ರಮಣದ ಪುರಾವೆ ಎಂದು ತೋರಿಸಬಹುದು. ನೆಲದ ದಾಖಲೆ ಇಲ್ಲದ್ದರಿಂದ ಬ್ಯಾಂಕು ಸಾಲ ಕೊಡದು.

ಬ್ಯಾಂಕಿನ ಬದಲು ಮಾರುಕಟ್ಟೆಯ ವ್ಯಾಪಾರಿ ಮಹಿಳೆ ಬರುತ್ತಾಳೆ. ಘಾನಾದ ನಗರಗಳಲ್ಲಿ ಬೆಳೆಯುವವರು ಹೆಚ್ಚಾಗಿ ಗಂಡಸರು, ಅವರಲ್ಲಿಯೂ ಅನೇಕರು ಉತ್ತರದ ಒಣನಾಡಿನಿಂದ ವಲಸೆ ಬಂದವರು, ಮಾರುವವರು ಹೆಂಗಸರು. ಬೀಜ-ಗೊಬ್ಬರಕ್ಕೆ ಮುಂಗಡ ಕೊಡುವವಳು ಆಕೆ. ಮಡಿಯ ಲೆಕ್ಕದಲ್ಲಿ ಬೆಳೆ ಖರೀದಿಸಿ ತಾನೇ ಕೀಳಿಸಿಕೊಂಡು ಹೋಗುವವಳೂ ಆಕೆಯೇ. ಕೊಯ್ಲಿನ ದಿನ ನಿರ್ಧಾರವಾಗುವುದು ಆಕೆ ಬರುವ ದಿನದಿಂದ. ಅದು ಇಂದೋ ನಾಳಿದ್ದೋ ತಿಳಿಯದ ತೋಟಗಾರ ಮೂರು ದಿನ ಮುಂಚಿತವಾಗಿ ನೀರು ನಿಲ್ಲಿಸುವುದು ಹೇಗೆ? ನಿಲ್ಲಿಸಿದರೆ ಬಿಸಿಲಿಗೆ ಸೊಪ್ಪು ಜೋತುಬೀಳುತ್ತದೆ, ಬೆಲೆ ಇಳಿಯುತ್ತದೆ. ಆಕೆಯನ್ನು ದೂರಿಯೂ ಫಲವಿಲ್ಲ. ಮಾರಾಟವಾಗದೆ ಉಳಿದ ಸೊಪ್ಪಿನ ನಷ್ಟವನ್ನು ಹೊರುವವಳು ಆಕೆಯೇ.

ಹೀಗೆ ನೋಡುತ್ತ ಹೋದರೆ ಕೊಳಕು ನೀರಿನ ಕಥೆಯ ಬುಡದಲ್ಲಿ ನೆಲದ ಕಥೆ ಇರುವುದು ಸ್ಪಷ್ಟವಾಗುತ್ತದೆ. ತೋಟಗಾರನಿಗೆ ತಿಳಿವಳಿಕೆ ನೀಡುವ ಶಿಬಿರಗಳು ನಡೆದಿವೆ, ಕರಪತ್ರಗಳು ಹಂಚಿಕೆಯಾಗಿವೆ. ಐದು ವರ್ಷದ ಭೋಗ್ಯಪತ್ರವೊಂದು ಮಾಡಬಹುದಾದ ಕೆಲಸವನ್ನು ಐವತ್ತು ಕರಪತ್ರಗಳು ಮಾಡಲಾರವು.

ಡಾಕರ್: ತಗ್ಗು ತುಂಬಿದ ತಪ್ಪು

ಅಕ್ರಾದ ತೋಟಗಳು ನಗರದ ಸಂದಿಗೊಂದಿಗಳಲ್ಲಿದ್ದರೆ, ಸೆನೆಗಲ್‌ನಲ್ಲಿ ಇಡೀ ಒಂದು ಪ್ರದೇಶವೇ ತರಕಾರಿಗೆ ಮೀಸಲಾದಂತಿದೆ. ರಾಜಧಾನಿ ಡಾಕರ್‌ನಿಂದ ಉತ್ತರದ ಸೇಂಟ್ ಲೂಯಿಯವರೆಗೆ ಅಟ್ಲಾಂಟಿಕ್ ಕರಾವಳಿಯುದ್ದಕ್ಕೂ ಸುಮಾರು 180 ಕಿಲೋಮೀಟರ್ ಹಬ್ಬಿರುವ ಈ ಪಟ್ಟಿಗೆ 'ನಿಯಾಯ್' ಎಂದು ಹೆಸರು. ಮರಳು ದಿಬ್ಬಗಳ ನಡುವಣ ತಗ್ಗುಗಳಲ್ಲಿ ನೀರು ಕೈಗೆಟಕುವ ಆಳದಲ್ಲಿಯೇ ಇದೆ. ತಂಪಾದ ಕಡಲ ಪ್ರವಾಹದಿಂದಾಗಿ ಒಳನಾಡಿನ ಧಗೆ ಇಲ್ಲಿಲ್ಲ. ದಿಬ್ಬದ ಮರಳು ತೋಟಗಳ ಮೇಲೆ ಹಾರಿ ಬೀಳದಂತೆ 1948ರಿಂದ ಸರ್ವೆ ಮರಗಳ ಸಾಲು ಬೆಳೆಸಲಾಯಿತು. ದೇಶದ ತರಕಾರಿಯಲ್ಲಿ ಅರ್ಧಕ್ಕಿಂತಲೂ ಹೆಚ್ಚು ಪಾಲು ಈ ಪಟ್ಟಿಯದೇ.

ಆದರೆ ನಿಯಾಯ್‌ನ ದಕ್ಷಿಣದ ತುದಿಯನ್ನು ಡಾಕರ್ ನುಂಗುತ್ತಿದೆ. ಡಾಕರ್ ಪ್ರಾಂತದ ವಿಸ್ತೀರ್ಣ ದೇಶದ ನೆಲದಲ್ಲಿ ಶೇ 0.3ರಷ್ಟು, ಅಲ್ಲಿರುವ ಜನ ದೇಶದ ಐದನೇ ಒಂದು ಪಾಲಿಗೂ ಮಿಗಿಲು. ಪಿಕಿನ್, ಗೆಜವಾಯ್ ಎಂಬ ಉಪನಗರಗಳು ತೋಟದ ತಗ್ಗುಗಳ ಮೇಲೆಯೇ ಬೆಳೆದವು. 1970ರ ದಶಕದ ಬರಗಾಲದ ವರ್ಷಗಳಲ್ಲಿ ಒಣಗಿದ್ದ ತಗ್ಗುಗಳನ್ನು ಜನ ಮನೆ ಕಟ್ಟಲು ತಕ್ಕ ನೆಲವೆಂದು ಭಾವಿಸಿದರು. ಮನೆಗಳ ಶೌಚಗುಂಡಿಗಳಿಂದ ನೈಟ್ರೇಟ್ ಇಳಿದು ಥಿಯಾರೊಯ್ ಅಂತರ್ಜಲ ಕೆಟ್ಟಿತು. ಕೆಟ್ಟ ನೀರನ್ನು ಕುಡಿಯಲು ಎತ್ತುವುದು ಕ್ರಮೇಣ ಕಡಿಮೆಯಾಯಿತು. ಎತ್ತುವುದು ಕಡಿಮೆಯಾದಂತೆ ಅಂತರ್ಜಲ ಮೇಲೇರಿತು, ಮಳೆಯೂ ಮರಳಿತು. 2005ರ ಪ್ರವಾಹದಲ್ಲಿ ಈ ಬಡಾವಣೆಗಳು ಮುಳುಗಿದವು. ನೆರೆ ಸಂತ್ರಸ್ತರನ್ನು ಬೇರೆಡೆ ನೆಲೆಗೊಳಿಸಲು ಸರ್ಕಾರ 'ಜಖಾಯ್' ಎಂಬ ಯೋಜನೆಯನ್ನೇ ರೂಪಿಸಬೇಕಾಯಿತು.

ತೋಟ ಹೋದಾಗ ಹೋದದ್ದು ಸೊಪ್ಪು ಮಾತ್ರವಲ್ಲ ಎಂಬುದಕ್ಕೆ ಇದಕ್ಕಿಂತ ಕಠೋರ ನಿದರ್ಶನ ಬೇಕಿಲ್ಲ. ತಗ್ಗಿನ ತೋಟ ಮಳೆನೀರನ್ನು ಹೀರಿಕೊಳ್ಳುತ್ತಿತ್ತು; ಮನೆ ಅದನ್ನು ಹೀರದು. ಅಕ್ರಾದಲ್ಲಿಯೂ 2015ರ ಜೂನ್ 3ರ ಪ್ರವಾಹ ಮತ್ತು ಅದೇ ಹೊತ್ತಿನಲ್ಲಿ ಪೆಟ್ರೋಲ್ ಬಂಕೊಂದರಲ್ಲಿ ಸಂಭವಿಸಿದ ಬೆಂಕಿ ಅನಾಹುತ 150ಕ್ಕೂ ಹೆಚ್ಚು ಜನರನ್ನು ಬಲಿತೆಗೆದುಕೊಂಡವು. ನೀರು ಹರಿಯುವ ಜಾಗದಲ್ಲಿ ಕಟ್ಟಡ ಎದ್ದರೆ ನೀರು ತನ್ನ ದಾರಿಯನ್ನು ಬೇರೆ ಕಡೆ ಹುಡುಕಿಕೊಳ್ಳುತ್ತದೆ.

ಸೆನೆಗಲ್‌ನ ತೋಟಗಾರನಿಗೆ ನೆಲದ ಹಕ್ಕು ಎಷ್ಟಿದೆ? 1964ರ ರಾಷ್ಟ್ರೀಯ ಭೂ ಕಾನೂನಿನಡಿ ದೇಶದ ಬಹುಪಾಲು ನೆಲ ರಾಷ್ಟ್ರದ ಸ್ವತ್ತು. ಸಾಗುವಳಿ ಮಾಡುವವನಿಗೆ ಬಳಕೆಯ ಹಕ್ಕು ಉಂಟು, ಒಡೆತನವಿಲ್ಲ. ಊರಿನ ನೆಲ ಊರಿನವರಲ್ಲಿಯೇ ಉಳಿಯಲಿ ಎಂಬ ಸದಾಶಯ ಆ ಕಾನೂನಿನ ಹಿಂದಿತ್ತು. ನಗರದ ಅಂಚಿನಲ್ಲಿ ಅದು ತಿರುಗುಬಾಣವಾಗಿದೆ. ಹೊಸ ಹೆದ್ದಾರಿ, ದಿಯಾಮ್ನಿಯಾದಿಯೊ ಎಂಬ ಹೊಸ ನಗರ, 2017ರ ಡಿಸೆಂಬರ್‌ನಲ್ಲಿ ಡಾಕರ್‌ನಿಂದ ಹೊರಕ್ಕೆ ಸ್ಥಳಾಂತರಗೊಂಡ ವಿಮಾನ ನಿಲ್ದಾಣ - ಇವೆಲ್ಲ ಸೇರಿ ನೆಲದ ಬೆಲೆ ಗಗನಕ್ಕೇರಿತು. ಎಂದಾದರೊಂದು ದಿನ ಸರ್ಕಾರ ಕಿತ್ತುಕೊಳ್ಳುತ್ತದೆ, ಅದಕ್ಕಿಂತ ಇಂದೇ ಕೈಗೆ ಬಂದಷ್ಟಕ್ಕೆ ಬಿಟ್ಟುಕೊಡುವುದು ಲೇಸೆಂದು ತೋಟಗಾರ ಯೋಚಿಸಿದರೆ ತಪ್ಪೆನ್ನಲಾದೀತೇ? ಉತ್ತರದ ದಿಬ್ಬಗಳಲ್ಲಿ 2014ರಿಂದ ಜಿರ್ಕಾನ್ ಮರಳಿನ ಗಣಿಗಾರಿಕೆ ನಡೆದಿದ್ದು, ಅಲ್ಲಿಯೂ ತೋಟಗಾರರು ಜಾಗ ಬಿಟ್ಟುಕೊಡಬೇಕಾಗಿ ಬಂದಿದೆ. ನಗರ ಒಂದು ತುದಿಯಿಂದ, ಗಣಿ ಇನ್ನೊಂದು ತುದಿಯಿಂದ.

ಕೇಪ್‌ಟೌನ್: ನ್ಯಾಯಾಲಯದ ಮೆಟ್ಟಿಲೇರಿದ ತೋಟ

ಖಂಡದ ಇನ್ನೊಂದು ತುದಿಯಲ್ಲಿ, ಕೇಪ್‌ಟೌನ್‌ನಲ್ಲಿ, ಕಥೆ ಬೇರೊಂದು ತಿರುವು ಪಡೆದಿದೆ. ನಗರದ ಒಳಗೇ, ಮರಳು ಬಯಲಿನಲ್ಲಿ, ಫಿಲಿಪ್ಪಿ ಎಂಬ ತೋಟಗಾರಿಕಾ ಪ್ರದೇಶವಿದೆ. ಸುಮಾರು 3,000 ಹೆಕ್ಟೇರ್ ವಿಸ್ತಾರದ ಈ ನೆಲವನ್ನು 19ನೇ ಶತಮಾನದ ಕೊನೆಯ ಭಾಗದಲ್ಲಿ ಜರ್ಮನ್ ವಲಸಿಗರು ತೋಟವಾಗಿಸಿದರು. ಕೆಳಗೆ ಕೇಪ್ ಫ್ಲ್ಯಾಟ್ಸ್ ಎಂಬ ಅಂತರ್ಜಲ ಭಂಡಾರ. ಚಳಿಗಾಲದ ಮಳೆ ಅದನ್ನು ತುಂಬುತ್ತದೆ. ನಗರದ ಅಣೆಕಟ್ಟುಗಳು ಬರಿದಾಗಿ 2018ರಲ್ಲಿ ನಲ್ಲಿಗಳನ್ನೇ ಬಂದ್ ಮಾಡುವ 'ಶೂನ್ಯ ದಿನ' ಹತ್ತಿರವಾದಾಗಲೂ ಫಿಲಿಪ್ಪಿಯ ಮಡಿಗಳು ನೆಚ್ಚಿಕೊಂಡದ್ದು ಈ ನೆಲದಡಿಯ ನೀರನ್ನು.

ಈ ನೆಲದ ಮೇಲೂ ವಸತಿ ಬಡಾವಣೆಗಳ ಕಣ್ಣು ಬಿತ್ತು. 2011ರಲ್ಲಿ 472 ಹೆಕ್ಟೇರ್ ಪ್ರದೇಶವನ್ನು ನಗರದ ಗಡಿರೇಖೆಯ ಒಳಕ್ಕೆ ಸೇರಿಸಿ ಕಟ್ಟಡಗಳಿಗೆ ದಾರಿ ಮಾಡಿಕೊಡಲಾಯಿತು. ಸ್ಥಳೀಯ ಸಣ್ಣ ರೈತರು ಮತ್ತು ನಾಗರಿಕರ ಸಂಘಟನೆಯೊಂದು ಹೈಕೋರ್ಟಿನ ಮೆಟ್ಟಿಲೇರಿತು. 2020ರ ಫೆಬ್ರುವರಿಯಲ್ಲಿ ವೆಸ್ಟರ್ನ್ ಕೇಪ್ ಹೈಕೋರ್ಟ್ ತನ್ನ ಮುಂದಿದ್ದ ಅನುಮೋದನೆಗಳನ್ನು ರದ್ದುಪಡಿಸಿತು. ಅಂತರ್ಜಲದ ಮೇಲೆ, ಅದರಲ್ಲಿಯೂ ಹವಾಮಾನ ಬದಲಾವಣೆ ಮತ್ತು ನೀರಿನ ಅಭಾವದ ಹಿನ್ನೆಲೆಯಲ್ಲಿ, ಆಗುವ ಪರಿಣಾಮವನ್ನು ಪರಿಗಣಿಸಿ ಹೊಸದಾಗಿ ನಿರ್ಧರಿಸುವಂತೆ ಅಧಿಕಾರಿಗಳಿಗೆ ಸೂಚಿಸಿತು.

ಈ ಗೆಲುವನ್ನು ಉತ್ಪ್ರೇಕ್ಷಿಸಬೇಕಿಲ್ಲ. ಕೋರ್ಟು ಹೇಳಿದ್ದು ಮರುಪರಿಶೀಲಿಸಿ ಎಂದಷ್ಟೇ. ಫಿಲಿಪ್ಪಿಯ ನೆಲದ ಹಂಚಿಕೆಯಲ್ಲಿ ವರ್ಣಭೇದ ಕಾಲದ ಗಾಯ ಇನ್ನೂ ಮಾಸಿಲ್ಲ. ದೊಡ್ಡ ಹಿಡುವಳಿಗಳು ಬಿಳಿಯ ಕುಟುಂಬಗಳಲ್ಲಿ ಉಳಿದವು, ಕೂಲಿಗೆ ದುಡಿದವರು ನೆಲವಿಲ್ಲದವರಾಗಿಯೇ ಉಳಿದರು. ಆದರೂ ಒಂದು ವ್ಯತ್ಯಾಸ ಗಮನಾರ್ಹ. ನಗರದ ನಕ್ಷೆಯಲ್ಲಿ 'ತೋಟಗಾರಿಕಾ ಪ್ರದೇಶ' ಎಂಬ ಹೆಸರಿತ್ತು, ಆದುದರಿಂದ ಕೋರ್ಟಿನಲ್ಲಿ ವಾದಿಸಲು ಆಧಾರವಿತ್ತು. ಅಕ್ರಾದ ಚರಂಡಿಯ ದಂಡೆಯ ತೋಟಗಾರನಿಗೆ ಆ ಆಧಾರವೇ ಇಲ್ಲ. ನಕ್ಷೆಯಲ್ಲಿ ಇಲ್ಲದ್ದನ್ನು ಉಳಿಸಿಕೊಡಿ ಎಂದು ಯಾವ ನ್ಯಾಯಾಧೀಶರನ್ನು ಕೇಳುವುದು?

ಮನೆಗಳು ಬೇಡವೇ?

ಇನ್ನೊಂದು ಪಕ್ಷದ ಮಾತನ್ನೂ ಕೇಳಬೇಕು. ಕೋಟಿಗಟ್ಟಲೆ ಜನ ನಗರಗಳಿಗೆ ಬರುತ್ತಿದ್ದಾರೆ. ಅವರಿಗೆ ಸೂರು ಬೇಕು, ಆಸ್ಪತ್ರೆ ಬೇಕು, ರಸ್ತೆ ಬೇಕು. ಕೊಳೆಗೇರಿಯಲ್ಲಿ ಉಸಿರುಗಟ್ಟುತ್ತಿರುವ ಕುಟುಂಬಕ್ಕೆ ಮನೆ ಮುಖ್ಯವೋ, ಲೆಟಿಸ್ ಮುಖ್ಯವೋ ಎಂದು ನಗರಾಡಳಿತದವರು ಕೇಳುತ್ತಾರೆ. ಎಕರೆಗೆ ಕೋಟಿ ಬೆಲೆ ಬಾಳುವ ನೆಲದಲ್ಲಿ ಸೊಪ್ಪು ಬೆಳೆಯುವುದು ಆರ್ಥಿಕವಾಗಿ ಅವಿವೇಕ ಎಂಬ ವಾದವೂ ಇದೆ. ಇವು ತಳ್ಳಿಹಾಕುವ ಮಾತುಗಳಲ್ಲ. ಇಂದಿರುವ ಪ್ರತಿಯೊಂದು ತೋಟವನ್ನೂ ಉಳಿಸಿಕೊಳ್ಳುವುದು ಸಾಧ್ಯವೂ ಇಲ್ಲ, ಎಲ್ಲ ಕಡೆ ಅಗತ್ಯವೂ ಇಲ್ಲ.

ಆದರೆ ಈ ವಾದದಲ್ಲಿ ಒಂದು ಲೆಕ್ಕ ಬಿಟ್ಟುಹೋಗುತ್ತದೆ. ತೋಟಗಳಿರುವ ನೆಲದಲ್ಲಿ ಹೆಚ್ಚಿನದು ಮನೆ ಕಟ್ಟಲು ಯೋಗ್ಯವಾದದ್ದಲ್ಲ. ತೊರೆಯ ದಂಡೆ, ನೆರೆ ಬರುವ ತಗ್ಗು, ವಿದ್ಯುತ್ ತಂತಿಯ ಕೆಳಭಾಗ, ರೈಲುಮಾರ್ಗದ ಪಕ್ಕ - ಇಲ್ಲಿ ಮನೆ ಕಟ್ಟಿದವರು ಏನನ್ನು ಅನುಭವಿಸುತ್ತಾರೆಂಬುದನ್ನು ಪಿಕಿನ್ ತೋರಿಸಿಕೊಟ್ಟಿದೆ. ಅಂಥ ನೆಲಕ್ಕೆ ತೋಟವೇ ತಕ್ಕ ಬಳಕೆ. ಖಾಲಿ ಬಿಟ್ಟರೆ ಕಸ ತುಂಬುತ್ತದೆ, ಉದ್ಯಾನ ಮಾಡಿದರೆ ನಿರ್ವಹಣೆಯ ಖರ್ಚು ಪಾಲಿಕೆಯದು. ತೋಟವಾದರೆ ತನ್ನ ಖರ್ಚನ್ನು ತಾನೇ ದುಡಿಯುತ್ತದೆ, ಊರಿಗೂ ಉಣಿಸುತ್ತದೆ.

ಕಾಗದದ ಮೇಲೆ ಈ ಸತ್ಯವನ್ನು ಒಪ್ಪಿಕೊಂಡ ಸರ್ಕಾರಗಳೂ ಇವೆ. ತಾಂಜಾನಿಯಾ 1992ರಷ್ಟು ಹಿಂದೆಯೇ ನಗರ ಕೃಷಿಗೆ ನಿಯಮಾವಳಿ ರೂಪಿಸಿತು. ಉಗಾಂಡದ ಕಂಪಾಲ ನಗರ 2006ರಲ್ಲಿ ಉಪವಿಧಿಗಳನ್ನು ಜಾರಿಗೊಳಿಸಿ, ದಶಕಗಳಿಂದ ಅಕ್ರಮವಾಗಿದ್ದ ನಗರ ಬೇಸಾಯಕ್ಕೆ ಪರವಾನಗಿಯ ದಾರಿ ತೆರೆಯಿತು. ನೈರೋಬಿ 2015ರಲ್ಲಿ ನಗರ ಕೃಷಿಯ ಉತ್ತೇಜನ ಮತ್ತು ನಿಯಂತ್ರಣಕ್ಕೆಂದು ಪ್ರತ್ಯೇಕ ಕಾಯಿದೆಯನ್ನೇ ತಂದಿತು. ಬೇಸಾಯ ಮಾಡುವವನು ಅಪರಾಧಿಯಲ್ಲ ಎಂದು ಹೇಳಿದ್ದೇ ಇವುಗಳ ದೊಡ್ಡ ಸಾಧನೆ. ಆದರೆ ಬೇಸಾಯಕ್ಕೆ ಅನುಮತಿ ಕೊಡುವುದು ಬೇರೆ, ನೆಲವನ್ನು ಕಾಯ್ದಿರಿಸುವುದು ಬೇರೆ. ನಗರ ಯೋಜನೆಯ ನಕ್ಷೆಯಲ್ಲಿ ಬಣ್ಣ ಬಳಿದು, ಗಡಿಕಲ್ಲು ನೆಟ್ಟು, ಇಷ್ಟು ವರ್ಷ ಇದು ತೋಟದ ನೆಲ ಎಂದು ಘೋಷಿಸದ ಹೊರತು ಅನುಮತಿಗೆ ಬೆಲೆ ಇಲ್ಲ.

ಆಗಬೇಕಾದದ್ದೇನು?

ಪರಿಹಾರ ಭಾರಿ ಅನುದಾನವನ್ನು ಬೇಡುವಂಥದ್ದಲ್ಲ. ಮೊದಲನೆಯದಾಗಿ, ನೆರೆಪೀಡಿತ ತಗ್ಗುಗಳು ಮತ್ತು ತಂತಿ-ಹಳಿಗಳ ಪಕ್ಕದ ಪಟ್ಟಿಗಳನ್ನು ಗುರುತಿಸಿ ತೋಟಗಾರರ ಸಂಘಗಳಿಗೆ ಐದೋ ಹತ್ತೋ ವರ್ಷಗಳ ಲಿಖಿತ ಭೋಗ್ಯ ಕೊಡುವುದು. ಅಷ್ಟು ವರ್ಷದ ಭರವಸೆ ಸಿಕ್ಕರೆ ಕೊಳವೆ ಬಾವಿಯ ಖರ್ಚು ಮರಳುತ್ತದೆ, ತಿಳಿಗುಂಡಿಗೆ ಜಾಗ ಬಿಡುವುದೂ ನಷ್ಟವೆನಿಸದು. ಎರಡನೆಯದಾಗಿ, ಆ ಭೋಗ್ಯಕ್ಕೆ ಪ್ರತಿಯಾಗಿ ನೀರು-ಗೊಬ್ಬರ-ಕೀಟನಾಶಕದ ಷರತ್ತುಗಳನ್ನು ವಿಧಿಸುವುದು. ಕಳೆದುಕೊಳ್ಳಲು ಏನಾದರೂ ಇರುವವನು ಮಾತ್ರ ಷರತ್ತು ಪಾಲಿಸುತ್ತಾನೆ. ಇಂದಿನ ತೋಟಗಾರನಿಗೆ ಕಳೆದುಕೊಳ್ಳಲು ಹಕ್ಕೇ ಇಲ್ಲ. ಮೂರನೆಯದಾಗಿ, ಮಾರುಕಟ್ಟೆಯಲ್ಲಿ ಸೊಪ್ಪು ತೊಳೆಯಲು ಶುದ್ಧ ನೀರಿನ ನಲ್ಲಿ, ತಿಂಡಿಗಾಡಿಯವರಿಗೆ ಕ್ಲೋರಿನ್ ಮಾತ್ರೆ. ಇದು ನಗರಾಡಳಿತದ ಕೆಲಸ, ತೋಟಗಾರನದಲ್ಲ. ಕೊನೆಯದಾಗಿ, ನೆಲ ಬೇಕೇ ಬೇಕಾದಾಗ ನಿಂತ ಬೆಳೆಗೂ ತೋಡಿದ ಬಾವಿಗೂ ಪರಿಹಾರ, ಜೊತೆಗೆ ಬದಲಿ ಜಾಗ.

ಇದರಲ್ಲಿ ಯಾವುದೂ ಕನಸಲ್ಲ. ಆದರೆ ಇದಕ್ಕೆ ನಗರಾಡಳಿತ ಒಂದು ಮನೋಭಾವವನ್ನು ಬಿಡಬೇಕಾಗುತ್ತದೆ. ಖಾಲಿ ನೆಲವೆಂದರೆ ಕಟ್ಟಡಕ್ಕೆ ಕಾಯುತ್ತಿರುವ ನೆಲ, ತೋಟಗಾರನೆಂದರೆ ಕಟ್ಟಡ ಬರುವವರೆಗಿನ ಅತಿಥಿ ಎಂಬುದೇ ಆ ಮನೋಭಾವ. ಅತಿಥಿಯಾದವನು ಮನೆಯ ಸೋರುವ ಮಾಡನ್ನು ರಿಪೇರಿ ಮಾಡುವುದಿಲ್ಲ. ಅದನ್ನು ಅವನಿಂದ ನಿರೀಕ್ಷಿಸುವುದೂ ನ್ಯಾಯವಲ್ಲ.

ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ನಮ್ಮಲ್ಲಿದೆ. ಆಫ್ರಿಕಾದ ನಗರಗಳು ತಮ್ಮ ಹಿತ್ತಲಿನ ಗಿಡವನ್ನು ಕಂಡ ರೀತಿಯೂ ಹಾಗೆಯೇ ಇದೆ. ಲೆಟಿಸ್ ತಟ್ಟೆಗೆ ಬೇಕು, ಸುಕುಮಾ ವಿಕಿ ವಾರವನ್ನು ತಳ್ಳಬೇಕು. ಬೆಳೆಯುವ ನೆಲ ಮಾತ್ರ ನಕ್ಷೆಯಲ್ಲಿ ಇರಬಾರದು. ಹೀಗಿರುವವರೆಗೆ ಚರಂಡಿಯ ನೀರು ಮಡಿಗೆ ಹರಿಯುತ್ತಲೇ ಇರುತ್ತದೆ, ಮಡಿಯ ಸೊಪ್ಪು ಅದೇ ಊರಿನ ತಟ್ಟೆಗೆ ಬರುತ್ತಲೇ ಇರುತ್ತದೆ.